ಆಬ್ಜೆಕ್ಟ್‌ಗಳ ಪಟ್ಟಿ ಕೊಡುವ ಎಪಿಐ: ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳದಂತೆ ಕಟ್ಟುವುದು ಹೇಗೆ?

ಕೋಲಾರ ಎಪಿಎಂಸಿಯ ಟೊಮೆಟೊ ಮಾರುಕಟ್ಟೆಗೆ ನೀವೊಂದು ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಹರಾಜಿಗೆ ಬಂದ ಪ್ರತಿ ಲಾಟ್‌ಗೂ ಒಂದು ಫೋಟೋ, ಒಂದು ತೂಕದ ಚೀಟಿಯ ಸ್ಕ್ಯಾನ್. ಜುಲೈ ಬಂತು ಅಂದ್ರೆ 15 ಕೆಜಿ ಬಾಕ್ಸ್‌ಗಳು ಲಾರಿಗಟ್ಟಲೆ ಇಳಿಯುತ್ತವೆ. ಎರಡು ಸೀಸನ್ ಕಳೆಯುವಷ್ಟರಲ್ಲಿ ನಿಮ್ಮ ಸ್ಟೋರೇಜ್‌ನಲ್ಲಿ ಒಂದು ಕೋಟಿ ಆಬ್ಜೆಕ್ಟ್, ಅಂದರೆ ಹೆಸರು ಕೊಟ್ಟು ಇಟ್ಟ ಫೈಲ್, ಕೂತಿರಬಹುದು. ಇಡುವುದು ಕಷ್ಟವಲ್ಲ. ಹೆಸರು ಹೇಳಿದರೆ ತೆಗೆದುಕೊಡುವುದೂ ಕಷ್ಟವಲ್ಲ. ‘ಒಳಗೆ ಏನೇನಿದೆ, ಪಟ್ಟಿ ಕೊಡು’ ಅಂದಾಗಲೇ ತಲೆನೋವು ಶುರು.

ಯಾಕಂದ್ರೆ ಪಟ್ಟಿ ಒಂದೇ ಸಲ ಕೊಡಲಾಗುವುದಿಲ್ಲ. ಪುಟ ಪುಟವಾಗಿ ಕೊಡಬೇಕು. ಒಂದು ಪುಟಕ್ಕೆ 1000 ಹೆಸರು ಅಂದರೂ 10,000 ಪುಟ ಆಯಿತು. ಒಂದು ಪುಟಕ್ಕೂ ಮುಂದಿನದಕ್ಕೂ ನಡುವೆ ‘ಎಲ್ಲಿಗೆ ನಿಲ್ಲಿಸಿದ್ದೆವು’ ಅನ್ನುವುದನ್ನು ಯಾರೋ ಒಬ್ಬರು ನೆನಪಿಡಬೇಕು, ಅಲ್ವಾ? ಸರ್ವರ್ ನೆನಪಿಡಬೇಕೋ, ಕೇಳುವವನು ನೆನಪಿಡಬೇಕೋ ಅನ್ನುವುದೇ ಇಲ್ಲಿಯ ಪ್ರಶ್ನೆ. ಪಟ್ಟಿ ಕೇಳುವ ಎಪಿಐಯನ್ನು, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಕೇಳುವ ವ್ಯವಸ್ಥೆಯನ್ನು, ಸರ್ವರ್ ನೆನಪಿಡದ ಥರ ಕಟ್ಟುವ ದಾರಿಯನ್ನು ಈ ಲೇಖನ ತೋರಿಸುತ್ತದೆ.

ಸರ್ವರ್ ನೆನಪಿಟ್ಟುಕೊಂಡರೆ ಏನು ತೊಂದರೆ

ಮೊದಲು ಹೊಳೆಯುವ ದಾರಿ ಇದು. ಕೇಳಿದ ಕೂಡಲೇ ಸರ್ವರ್ ಒಂದು ಇಟರೇಟರ್ (ಪಟ್ಟಿಯಲ್ಲಿ ಎಲ್ಲಿದ್ದೇವೆ ಅಂತ ಗುರುತಿಟ್ಟುಕೊಂಡು ಓದುವ ಸಾಧನ) ತೆರೆಯುತ್ತದೆ, ಅದಕ್ಕೊಂದು ನಂಬರ್ ಕೊಡುತ್ತದೆ, ‘ಮುಂದಿನ ಪುಟ ಬೇಕಾದಾಗ ಈ ನಂಬರ್ ಹೇಳು’ ಅನ್ನುತ್ತದೆ. ಒಂದೇ ಸರ್ವರ್ ಇರುವಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಹತ್ತು ಸರ್ವರ್ ಮುಂದೆ ರಿಕ್ವೆಸ್ಟ್‌ಗಳನ್ನು ಹಂಚುವ ಒಂದು ಲೋಡ್ ಬ್ಯಾಲೆನ್ಸರ್ ಇಟ್ಟ ದಿನ ಮುಗಿಯಿತು. ಎರಡನೇ ಪುಟದ ರಿಕ್ವೆಸ್ಟ್ ಬೇರೆ ಸರ್ವರ್‌ಗೆ ಹೋಗುತ್ತದೆ. ಅದಕ್ಕೆ ಆ ನಂಬರ್ ಏನೂಂತಲೇ ಗೊತ್ತಿಲ್ಲ. ಒಬ್ಬ ಕ್ಲೈಂಟ್, ಅಂದರೆ ಕೇಳುವವನು, ಯಾವಾಗಲೂ ಒಂದೇ ಸರ್ವರ್‌ಗೆ ಹೋಗುವ ಹಾಗೆ ಕಟ್ಟಿಹಾಕಬಹುದು. ಆದರೆ ಆ ಸರ್ವರ್ ರೀಸ್ಟಾರ್ಟ್ ಆದರೆ 6,000ನೇ ಪುಟದಿಂದ ಮತ್ತೆ ಒಂದನೇ ಪುಟಕ್ಕೆ.

ಇನ್ನೊಂದು ತೊಂದರೆ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಇಂಥ ಸ್ಟೋರೇಜ್‌ಗಳ ಅಡಿಯಲ್ಲಿ ಸಾಮಾನ್ಯವಾಗಿ ರಾಕ್ಸ್‌ಡಿಬಿ ಥರದ ಕೀ-ವ್ಯಾಲ್ಯೂ ಡೇಟಾಬೇಸ್ ಇರುತ್ತದೆ. ಹಲವು ಸರ್ವರ್‌ಗಳಲ್ಲಿ ಡೇಟಾ ಹಂಚಿ ಇಡುವ ಸೆಫ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ನೋಡಿಕೊಳ್ಳುವ ಭಾಗ ಬ್ಲೂಸ್ಟೋರ್. ಅದು ಬಳಸುವುದೂ ರಾಕ್ಸ್‌ಡಿಬಿಯನ್ನೇ. ರಾಕ್ಸ್‌ಡಿಬಿಯಲ್ಲಿ ಒಂದು ಇಟರೇಟರ್ ತೆರೆದಿರುವಷ್ಟು ಹೊತ್ತು ಅದು ನೋಡುತ್ತಿರುವ ಹಳೇ ಫೈಲ್‌ಗಳನ್ನು ಅಳಿಸಲಾಗುವುದಿಲ್ಲ. ಮಂಡಿಯಲ್ಲಿ ಯಾರೋ ಫೋನ್‌ನಲ್ಲಿ ಪಟ್ಟಿ ತೆರೆದು, ಎರಡು ಪುಟ ನೋಡಿ, ನೆಟ್‌ವರ್ಕ್ ಹೋಯಿತೂಂತ ಜೇಬಿಗಿಟ್ಟುಕೊಂಡು ಹೋದರೆ? ಸರ್ವರ್ ಅವರಿಗಾಗಿ ಕಾಯುತ್ತಾ ಡಿಸ್ಕ್ ತುಂಬಿಸಿಕೊಳ್ಳುತ್ತದೆ. ಟೈಮ್‌ಔಟ್ ಇಟ್ಟರೆ ನಿಧಾನಕ್ಕೆ ಓದುವವರಿಗೆ ಪಟ್ಟಿ ಮಧ್ಯದಲ್ಲೇ ತುಂಡಾಗುತ್ತದೆ. ಎರಡೂ ಕಡೆ ಪೆಟ್ಟು.

ಅದಕ್ಕೇ ನೆನಪನ್ನು ಕೇಳುವವನ ಕೈಗೇ ಕೊಟ್ಟುಬಿಡಬೇಕು. ಮಂಡಿಯಲ್ಲಿ ರೈತನ ಕೈಗೆ ಚೀಟಿ ಕೊಡುವ ಹಾಗೆ. ಲಾಟ್ ನಂಬರ್, ಬಾಕ್ಸ್ ಎಷ್ಟು, ರೇಟ್ ಎಷ್ಟು, ಎಲ್ಲ ಅದರಲ್ಲೇ ಇರುತ್ತದೆ. ದುಡ್ಡು ಕೊಡುವ ಕಡೆ ಕೂತಿರುವ ಗುಮಾಸ್ತ ಬದಲಾದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ಎಪಿಐನಲ್ಲಿ ಆ ಕೆಲಸ ಮಾಡುವುದು ಟೋಕನ್. ಟೋಕನ್‌ನಲ್ಲಿ ಏನು ಬರೆಯಬೇಕು ಅನ್ನುವುದಕ್ಕಿಂತ ಮುಂಚೆ ಎರಡು ವಿಷಯ ಇತ್ಯರ್ಥ ಆಗಬೇಕು. ತುಂಬಾ ಜನ ಇವೆರಡನ್ನೂ ಹಾರಿಸಿ ನೇರವಾಗಿ ಟೋಕನ್‌ಗೆ ಬರುತ್ತಾರೆ.

ಹಂತ 1: ಏನು ಮಾತು ಕೊಡುತ್ತೀರಿ ಅಂತ ಬರೆದಿಡಿ

ಪಟ್ಟಿ ಓದುತ್ತಿರುವಾಗಲೇ ಹೊಸ ಲಾಟ್‌ಗಳ ಫೋಟೋ ಬರುತ್ತಿರುತ್ತವೆ. ಹಳೆಯವು ಅಳಿಯುತ್ತಿರುತ್ತವೆ. ಹಾಗಾದರೆ 10,000 ಪುಟ ಓದಿ ಮುಗಿಸಿದವನ ಕೈಯಲ್ಲಿರುವ ಪಟ್ಟಿಗೆ ಏನು ಅರ್ಥ? ಕೋಡ್ ಬರೆಯುವ ಮೊದಲೇ ಇದನ್ನು ಮೂರು ಸಾಲಿನಲ್ಲಿ ಬರೆದಿಡಿ. ನಾನು ಹೇಳುವ ಒಪ್ಪಂದ ಇದು:

- ಓದು ಶುರುವಾದಾಗಿನಿಂದ ಮುಗಿಯುವ ತನಕ ಇದ್ದ ಆಬ್ಜೆಕ್ಟ್ ಖಂಡಿತ ಒಂದು ಸಲ, ಒಂದೇ ಸಲ ಬರುತ್ತದೆ.
- ಶುರುವಾಗುವ ಮೊದಲೇ ಅಳಿದದ್ದು ಬರುವುದಿಲ್ಲ.
- ನಡುವೆ ಬಂದದ್ದು, ನಡುವೆ ಅಳಿದದ್ದು ಬರಬಹುದು, ಬರದೆಯೂ ಇರಬಹುದು.

ಮೂರನೆಯ ಸಾಲು ಕೆಲವರಿಗೆ ಇಷ್ಟವಾಗುವುದಿಲ್ಲ. ‘ಶುರು ಮಾಡಿದ ಕ್ಷಣದಲ್ಲಿ ಇದ್ದದ್ದಷ್ಟೇ ಬೇಕು’ ಅನ್ನುತ್ತಾರೆ. ಅಂದರೆ ಸ್ನ್ಯಾಪ್‌ಶಾಟ್ ಬೇಕು. ಅದನ್ನು ಕೊಡಬೇಕಾದರೆ ಅಳಿಸಿದ ಹೆಸರುಗಳನ್ನೂ ಸರ್ವರ್ ಸ್ವಲ್ಪ ಕಾಲ ಉಳಿಸಿಕೊಳ್ಳಬೇಕು. ಎಷ್ಟು ಕಾಲ? ಕೊನೆಯ ಓದುಗ ಮುಗಿಸುವ ತನಕ. ಅವನು ಯಾವಾಗ ಮುಗಿಸುತ್ತಾನೆ ಅಂತ ನೆನಪಿಡಬೇಕು. ಬಾಗಿಲಿಂದ ಆಚೆ ಹಾಕಿದ ನೆನಪು ಹಿತ್ತಲಿಂದ ಒಳಗೆ ಬಂತು. ನಿಜವಾಗಿಯೂ ಸ್ನ್ಯಾಪ್‌ಶಾಟ್ ಬೇಕಾದವರಿಗೆ ದಿನಕ್ಕೊಂದು ಸಲ ಪೂರ್ತಿ ಪಟ್ಟಿಯನ್ನು ಒಂದು ಫೈಲ್ ಮಾಡಿ ಕೊಡಿ. ಅದು ಬೇರೆ ಸೌಲಭ್ಯ. ಅದನ್ನು ಈ ಎಪಿಐಗೆ ಅಂಟಿಸಬೇಡಿ.

ಅಮೆಜಾನ್‌ನ ಸ್ಟೋರೇಜ್ ಸೇವೆ ಎಸ್3 ತನ್ನ ಪಟ್ಟಿಗೆ ‘ಸ್ಟ್ರಾಂಗ್ ಕನ್ಸಿಸ್ಟೆನ್ಸಿ’ ಕೊಟ್ಟದ್ದು 2020ರ ಡಿಸೆಂಬರ್‌ನಲ್ಲಿ. ಬರೆದ ಆಬ್ಜೆಕ್ಟ್ ಮರುಕ್ಷಣ ಕೇಳಿದ ಪಟ್ಟಿಯಲ್ಲಿ ಇರುತ್ತದೆ ಅನ್ನುವ ಮಾತು ಅದು. ಅದು ಒಂದೊಂದು ರಿಕ್ವೆಸ್ಟ್‌ಗೆ ಕೊಟ್ಟ ಮಾತು. ನೂರು ಪುಟ ಸೇರಿಸಿದರೆ ಒಂದು ಸ್ನ್ಯಾಪ್‌ಶಾಟ್ ಆಗುತ್ತದೆ ಅಂತ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ.

ರೆಡಿಸ್ ಅನ್ನುವ ಡೇಟಾಬೇಸ್‌ನ 2.8ನೇ ಆವೃತ್ತಿಯಲ್ಲಿ ಬಂದ ಸ್ಕ್ಯಾನ್ ಆಜ್ಞೆ ಇನ್ನೂ ಸಡಿಲ. ಪೂರ್ತಿ ಹೊತ್ತು ಇದ್ದದ್ದು ಬಂದೇ ಬರುತ್ತದೆ, ಆದರೆ ಎರಡು ಸಲ ಬರಬಹುದು. ಅದನ್ನು ಬಚ್ಚಿಡದೆ ದಾಖಲೆಯಲ್ಲೇ ಬರೆದಿದ್ದಾರೆ. ಸಡಿಲ ಮಾತು ಕೊಟ್ಟರೂ ಪರವಾಗಿಲ್ಲ. ಕೊಟ್ಟದ್ದು ಏನು ಅಂತ ಓದುವವರಿಗೆ ಗೊತ್ತಿರಬೇಕು.

ಹಂತ 2: ಕ್ರಮ ಯಾವುದು ಅಂತ ನಿರ್ಧರಿಸಿ

ಇಡೀ ವಿನ್ಯಾಸ ನಿಂತಿರುವುದು ಇದರ ಮೇಲೆ. ಆಬ್ಜೆಕ್ಟ್‌ಗಳಿಗೆಲ್ಲ ಒಂದು ಸ್ಥಿರವಾದ ಕ್ರಮ ಇರಬೇಕು. ಯಾವ ಎರಡು ಹೆಸರು ಕೊಟ್ಟರೂ ಯಾವುದು ಮೊದಲು ಅಂತ ಯಾವ ಸರ್ವರ್ ಬೇಕಾದರೂ ಹೇಳುವಂತಿರಬೇಕು. ಡಿಸ್ಕ್‌ನಲ್ಲಿ ಎಲ್ಲಿ ಕೂತಿದೆ, ಯಾವಾಗ ಬಂತು, ಯಾವ ನೋಡ್‌ನಲ್ಲಿದೆ ಅನ್ನುವುದರ ಮೇಲೆ ಕ್ರಮ ನಿಂತಿದ್ದರೆ ಅದು ನಾಳೆ ಬದಲಾಗುತ್ತದೆ. ನೆಟ್‌ವರ್ಕ್ ಮೂಲಕ ಫೈಲ್ ಹಂಚಿಕೊಳ್ಳುವ ಹಳೇ ಎನ್‌ಎಫ್‌ಎಸ್ ಈ ಪೆಟ್ಟು ತಿಂದಿದೆ. ಅದರ ಡೈರೆಕ್ಟರಿ ಓದುವ ವಿಧಾನದಲ್ಲಿ ‘ಕುಕೀ’ ಅಂತ ಒಂದು ಸಂಖ್ಯೆ ಕ್ಲೈಂಟ್ ಕೈಯಲ್ಲಿ ಇರುತ್ತಿತ್ತು. ತುಂಬಾ ಕಡೆ ಅದು ಡೈರೆಕ್ಟರಿಯೊಳಗಿನ ಜಾಗದ ಲೆಕ್ಕ. ಡೈರೆಕ್ಟರಿ ಬದಲಾದರೆ ಆ ಲೆಕ್ಕ ತಪ್ಪು. 1995ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ‘ಈ ಕುಕೀ ಇನ್ನೂ ಸರಿ ಇದೆಯಾ’ ಅಂತ ನೋಡುವುದಕ್ಕೇ ಇನ್ನೊಂದು ಸಂಖ್ಯೆ ಸೇರಿಸಬೇಕಾಯಿತು.

ನಿಮ್ಮ ಮುಂದೆ ಇರುವ ಆಯ್ಕೆ ಎರಡು: ಹೆಸರಿನ ಕ್ರಮ, ಇಲ್ಲವೇ ಹ್ಯಾಶ್ ಕ್ರಮ. ಹ್ಯಾಶ್ ಅಂದರೆ ಹೆಸರಿನಿಂದ ಲೆಕ್ಕ ಹಾಕಿ ತೆಗೆದ, ಅಡ್ಡಾದಿಡ್ಡಿಯಾಗಿ ಕಾಣುವ ಒಂದು ಸಂಖ್ಯೆ.

ಹೆಸರಿನ ಕ್ರಮ ಬಳಸುವವರಿಗೆ ಹಿತ. ‘ಕೋಲಾರ/2024-07-14/’ ಇಂದ ಶುರುವಾಗುವುದಷ್ಟೇ ಕೊಡು ಅಂದರೆ ಅವೆಲ್ಲ ಒಂದೇ ಕಡೆ ಸಿಗುತ್ತವೆ. ಎಸ್3, ಅದರ ಥರದ್ದೇ ಸ್ಟೋರೇಜ್ ಆದ ಓಪನ್‌ಸ್ಟ್ಯಾಕ್ ಸ್ವಿಫ್ಟ್ ಎರಡೂ ಹೀಗೇ. ಆದರೆ ಹೆಸರಿನ ಪ್ರಕಾರವೇ ಡೇಟಾ ಹಂಚಿದರೆ ಒಂದೇ ಕಡೆ ಒತ್ತಡ ಬೀಳುತ್ತದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಂಥ ಕಡೆ ಪ್ರತಿ ಇನ್ವರ್ಟರ್‌ನ ಲೆಕ್ಕ ನಿಮಿಷಕ್ಕೊಮ್ಮೆ ಬರುತ್ತಿದೆ, ಹೆಸರು ದಿನಾಂಕದಿಂದ ಶುರುವಾಗುತ್ತದೆ ಅಂದುಕೊಳ್ಳಿ. ಈ ಹೊತ್ತಿನ ಬರಹ ಎಲ್ಲ ಕ್ರಮದ ಕೊನೆಯ ತುದಿಯಲ್ಲಿರುವ ಒಂದೇ ಶಾರ್ಡ್‌ಗೆ, ಅಂದರೆ ಹಂಚಿದ ಡೇಟಾದ ಒಂದೇ ಪಾಲಿಗೆ, ಹೋಗುತ್ತದೆ. ಉಳಿದವು ಸುಮ್ನೆ ಕೂತಿರುತ್ತವೆ.

ಹ್ಯಾಶ್ ಕ್ರಮದಲ್ಲಿ ಆ ತೊಂದರೆ ಇಲ್ಲ. ಸೆಫ್‌ನ ತಳದಲ್ಲಿರುವ ರಾಡೋಸ್ ಇದನ್ನೇ ಬಳಸುತ್ತದೆ. ಅದರಲ್ಲೊಂದು ಜಾಣತನ ಇದೆ, ಸ್ವಲ್ಪ ನಿಂತು ನೋಡುವಂಥದ್ದು. ಆಬ್ಜೆಕ್ಟ್ ಯಾವ ಪ್ಲೇಸ್‌ಮೆಂಟ್ ಗ್ರೂಪ್‌ಗೆ (ಒಟ್ಟಿಗೆ ಇಡುವ ಆಬ್ಜೆಕ್ಟ್‌ಗಳ ಗುಂಪಿಗೆ) ಸೇರಬೇಕು ಅಂತ ಹ್ಯಾಶ್‌ನ ಕೆಳಗಿನ ಬಿಟ್‌ಗಳು ಹೇಳುತ್ತವೆ. ಪಟ್ಟಿಯ ಕ್ರಮಕ್ಕೆ ಮಾತ್ರ ಬಿಟ್‌ಗಳನ್ನು ತಿರುಗುಮುರುಗು ಮಾಡಿ ಹೋಲಿಸುತ್ತಾರೆ. ಆಗ ಒಂದು ಗ್ರೂಪ್‌ನ ಆಬ್ಜೆಕ್ಟ್‌ಗಳೆಲ್ಲ ಕ್ರಮದಲ್ಲಿ ಒಟ್ಟಿಗೆ ಬರುತ್ತವೆ. ಗ್ರೂಪ್ ಎರಡಾಗಿ ಒಡೆದರೆ ಆ ಸಾಲು ನಡುವೆ ಕತ್ತರಿಸಿದ ಹಾಗೆ ಎರಡು ಸಾಲು ಆಗುತ್ತದೆ, ಅಷ್ಟೇ. ಯಾವ ಆಬ್ಜೆಕ್ಟೂ ಕ್ರಮದಲ್ಲಿ ಹಿಂದೆ ಮುಂದೆ ಜಿಗಿಯುವುದಿಲ್ಲ. ಹಾಗಾಗಿ ಒಡೆಯುವ ಮೊದಲು ಕೊಟ್ಟ ಟೋಕನ್ ಒಡೆದ ಮೇಲೂ ಸರಿಯಾದ ಜಾಗವನ್ನೇ ತೋರಿಸುತ್ತದೆ. ರೆಡಿಸ್‌ನ ಸ್ಕ್ಯಾನ್ ಕೂಡ ಟೇಬಲ್ ದೊಡ್ಡದಾದಾಗ ಏನೂ ತಪ್ಪಿಹೋಗಬಾರದು ಅಂತ ಬಿಟ್‌ಗಳನ್ನು ತಿರುಗಿಸಿಯೇ ಎಣಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಜನ ನೋಡುವ ಎಪಿಐಗೆ ಹೆಸರಿನ ಕ್ರಮ ಕೊಡಿ. ಒಳಗಿನ ರಿಪೇರಿ, ಬ್ಯಾಕಪ್, ತಪಾಸಣೆ ಕೆಲಸಗಳಿಗೆ ಹ್ಯಾಶ್ ಕ್ರಮ ಸಾಕು. ಎಲ್ಲರೂ ಹೆಸರಿನ ಕ್ರಮ ಕೊಡುತ್ತಾರೆ ಅಂತೇನಿಲ್ಲ. ಎಸ್3ಯಲ್ಲೇ ಡೈರೆಕ್ಟರಿ ಬಕೆಟ್ ಅನ್ನುವ ಬಗೆಯಲ್ಲಿ ಪಟ್ಟಿ ಹೆಸರಿನ ಕ್ರಮದಲ್ಲಿ ಬರುವುದಿಲ್ಲ.

ಕನ್ನಡ ಹೆಸರುಗಳಿದ್ದರೆ ಇನ್ನೂ ಎರಡು ಮಾತು

ಹೆಸರಿನ ಕ್ರಮ ಅಂದ ಕೂಡಲೇ ‘ಅ ಆ ಇ ಈ’ ಅಂದುಕೊಳ್ಳಬೇಡಿ. ಹೋಲಿಕೆ ನಡೆಯುವುದು ಯುಟಿಎಫ್-8 ಬೈಟ್‌ಗಳ ಮೇಲೆ, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆಗಳ ಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯೂನಿಕೋಡ್ ಕೋಷ್ಟಕದಲ್ಲಿ ಅದು ಲ ಪಕ್ಕದಲ್ಲಿ, ವ ಗಿಂತ ಮೊದಲು ಕೂತಿದೆ. ಹಾಗಾಗಿ ಪಟ್ಟಿಯಲ್ಲಿ ಹೊಳವನಹಳ್ಳಿ ಮೊದಲು, ಹೊಸಹಳ್ಳಿ ಆಮೇಲೆ. ನಿಘಂಟಿನಲ್ಲಿ ಹುಡುಕುವವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಇದನ್ನು ಸ್ಟೋರೇಜ್ ಒಳಗೆ ‘ಸರಿ’ ಮಾಡಲು ಹೋಗಬೇಡಿ. ಭಾಷೆಯ ಕ್ರಮದ ನಿಯಮಗಳು ಲೈಬ್ರರಿ ಆವೃತ್ತಿಯ ಜೊತೆ ಬದಲಾಗುತ್ತವೆ. ಎರಡು ಸರ್ವರ್‌ನಲ್ಲಿ ಎರಡು ಆವೃತ್ತಿ ಇದ್ದರೆ ಕ್ರಮವೂ ಎರಡಾಯಿತು, ಟೋಕನ್ ಕೆಟ್ಟಿತು. ಬೈಟ್ ಕ್ರಮ ಎಂದೂ ಬದಲಾಗುವುದಿಲ್ಲ. ಅಕಾರಾದಿ ಬೇಕಿದ್ದರೆ ಪರದೆಯ ಮೇಲೆ ತೋರಿಸುವಾಗ ಜೋಡಿಸಿಕೊಳ್ಳಲಿ.

ಎರಡನೆಯದು ಇನ್ನೂ ಕಾಡುವಂಥದ್ದು. ‘ಕೋಲಾರ’ ಅನ್ನುವ ಹೆಸರನ್ನೇ ಎರಡು ಥರ ಬರೆಯಬಹುದು. ಓ ಮಾತ್ರೆ ಒಂದೇ ಸಂಕೇತವಾಗಿ ಇದ್ದರೆ ಒಟ್ಟು 5 ಸಂಕೇತ, 15 ಬೈಟ್. ಅದೇ ಮಾತ್ರೆಯನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರಾಗಿ ಬಿಡಿಸಿ ಇಟ್ಟರೆ 7 ಸಂಕೇತ, 21 ಬೈಟ್. ಕಣ್ಣಿಗೆ ಎರಡೂ ಒಂದೇ. ಸ್ಟೋರೇಜ್‌ಗೆ ಎರಡು ಬೇರೆ ಹೆಸರು. ಪಟ್ಟಿಯಲ್ಲಿ ಪಕ್ಕಪಕ್ಕದಲ್ಲೂ ಇರುವುದಿಲ್ಲ. ಬಿಡಿಸಿದ ಕೋಲಾರ ಮೊದಲು, ಆಮೇಲೆ ಕೈವಾರ, ಕೊರಟಗೆರೆ, ಅದಾದ ಮೇಲೆ ಕೂಡಿಸಿದ ಕೋಲಾರ. ಹಳೇ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಹೆಚ್‌ಎಫ್‌ಎಸ್ ಪ್ಲಸ್, ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು, ಹಾಗಾಗಿ ಇಂಥ ಹೆಸರು ಬಂದೇ ಬರುತ್ತದೆ. ಒಂದೇ ರೂಪಕ್ಕೆ ತರುವ ಕೆಲಸ ಅಪ್‌ಲೋಡ್ ಮಾಡುವ ಆ್ಯಪ್‌ನಲ್ಲಿ ಆಗಬೇಕು. ಸ್ಟೋರೇಜ್ ಮಾತ್ರ ಬಂದ ಬೈಟ್‌ಗಳನ್ನು ಮುಟ್ಟಬಾರದು. ಇಟ್ಟ ಹೆಸರಲ್ಲೇ ಕೇಳಿದಾಗ ಸಿಗದಿದ್ದರೆ ಅದಕ್ಕಿಂತ ದೊಡ್ಡ ಗೊಂದಲ ಬೇರಿಲ್ಲ.

ಹಂತ 3: ರಿಕ್ವೆಸ್ಟ್ ಮತ್ತು ಉತ್ತರದ ರೂಪ

ಇಲ್ಲಿ ಹೊಸತು ಕಂಡುಹಿಡಿಯುವ ಅಗತ್ಯವಿಲ್ಲ. ರಿಕ್ವೆಸ್ಟ್‌ನಲ್ಲಿ ಐದು ಅಂಶ ಸಾಕು: ಬಕೆಟ್ (ಆಬ್ಜೆಕ್ಟ್‌ಗಳನ್ನು ಇಡುವ ಡಬ್ಬ), ಪ್ರಿಫಿಕ್ಸ್ (ಹೆಸರಿನ ಶುರುವಿನ ಭಾಗ), ಡಿಲಿಮಿಟರ್ (ಹೆಸರನ್ನು ಫೋಲ್ಡರ್ ಥರ ಬಿಡಿಸುವ ‘/’ನಂಥ ಚಿಹ್ನೆ), ಮಿತಿ (ಪುಟಕ್ಕೆ ಎಷ್ಟು ಹೆಸರು), ಟೋಕನ್. ‘ಈ ಹೆಸರಿನ ನಂತರದಿಂದ ಶುರು ಮಾಡು’ ಅನ್ನುವುದನ್ನು ಬೇರೆಯಾಗಿ ಕೊಡಿ, ಟೋಕನ್ ಜೊತೆ ಬೆರೆಸಬೇಡಿ. ಉತ್ತರದಲ್ಲಿ ಹೆಸರುಗಳು, ಫೋಲ್ಡರ್ ಥರ ಕಾಣುವ ಸಾಮಾನ್ಯ ಪ್ರಿಫಿಕ್ಸ್‌ಗಳು, ಮುಂದಿನ ಟೋಕನ್.

ಮಿತಿಗೆ ಒಂದು ಮೇಲ್ಮಟ್ಟ ಇರಲಿ. ಎಸ್3ಯಲ್ಲಿ 1000, ಸ್ವಿಫ್ಟ್‌ನಲ್ಲಿ ಸಾಮಾನ್ಯವಾಗಿ 10,000. ಯಾರಾದರೂ 50,000 ಕೇಳಿದರೆ ಬೈಯಬೇಡಿ, 1000 ಕೊಟ್ಟು ಟೋಕನ್ ಕೊಡಿ.

ಹಂತ 4: ಟೋಕನ್ ಒಳಗೆ ಏನಿರಬೇಕು

ಕ್ರಮ ನಿರ್ಧಾರವಾಗಿದ್ದರೆ ಟೋಕನ್ ಸರಳ. ಅದು ಕ್ರಮದಲ್ಲಿ ಒಂದು ಜಾಗದ ಗುರುತು. ಕೊನೆಗೆ ಕೊಟ್ಟ ಹೆಸರನ್ನು ಪೂರ್ತಿಯಾಗಿ ಇಡಿ. ಹ್ಯಾಶ್ ಕ್ರಮ ಆದರೆ ಹ್ಯಾಶ್ ಮತ್ತು ಹೆಸರು ಎರಡೂ ಬೇಕು, ಯಾಕಂದ್ರೆ ಎರಡು ಹೆಸರಿಗೆ ಒಂದೇ ಹ್ಯಾಶ್ ಬರಬಹುದು. ಜೊತೆಗೆ ಟೋಕನ್ ಆವೃತ್ತಿ ಅಂತ ಒಂದು ಬೈಟ್, ಪ್ರಿಫಿಕ್ಸ್ ಮತ್ತು ಡಿಲಿಮಿಟರ್‌ನ ಒಂದು ಪುಟ್ಟ ಚೆಕ್‌ಸಮ್, ಅಂದರೆ ಅವು ಬದಲಾದರೆ ಪತ್ತೆ ಹಚ್ಚುವ ಸಂಖ್ಯೆ. ಇಷ್ಟೇ.

‘ಇಷ್ಟು ಬಿಟ್ಟು ಮುಂದಿನದು ಕೊಡು’ ಅನ್ನುವ ಲೆಕ್ಕ, ಅಂದರೆ ಆಫ್‌ಸೆಟ್, ಇಡಬೇಡಿ. ಮೊದಲ ಪುಟದಲ್ಲಿ 1000 ಕೊಟ್ಟಿರಿ. ಅಷ್ಟರಲ್ಲಿ ಅವುಗಳಲ್ಲಿ 3 ಅಳಿದವು. ಈಗ 1000 ಬಿಟ್ಟು ಮುಂದೆ ಅಂದರೆ ಇನ್ನೂ ಕೊಟ್ಟಿರದ 3 ಹೆಸರು ಹಾರಿಹೋದವು. ಮೊದಲನೇ ಹಂತದಲ್ಲಿ ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಅದೂ ಅಲ್ಲದೆ, 90 ಲಕ್ಷ ಬಿಡು ಅಂದರೆ ಸರ್ವರ್ 90 ಲಕ್ಷವನ್ನೂ ಎಣಿಸಿಯೇ ಬಿಡಬೇಕು.

ಶಾರ್ಡ್ ನಂಬರ್, ಸರ್ವರ್ ವಿಳಾಸ, ಡಿಸ್ಕ್ ಜಾಗ, ಇವೂ ಟೋಕನ್‌ನಲ್ಲಿ ಬೇಡ. ಶಾರ್ಡ್‌ಗಳು 11 ಇದ್ದದ್ದು ರಾತ್ರೋರಾತ್ರಿ 23 ಆಗಬಹುದು. ಕ್ಲೈಂಟ್ ಕೈಯಲ್ಲಿರುವ ಹಳೇ ಟೋಕನ್‌ಗೆ ಅದು ತಿಳಿಯಲೂ ಬಾರದು.

ಇನ್ನು ಟೋಕನ್ ಅಪಾರದರ್ಶಕ ಆಗಿರಬೇಕೋ, ಹೆಸರೇ ಕಾಣುವಂತಿರಬೇಕೋ? 2006ರಲ್ಲಿ ಶುರುವಾದ ಎಸ್3ಯ ಹಳೇ ಎಪಿಐನಲ್ಲಿ ‘ಮಾರ್ಕರ್’ ಅಂದರೆ ಒಂದು ಹೆಸರೇ. 2016ರ ಎರಡನೇ ಆವೃತ್ತಿಯಲ್ಲಿ ಅದನ್ನು ಬಿಟ್ಟು ಅರ್ಥವಾಗದ ಟೋಕನ್ ಕೊಟ್ಟರು. ನಾನೂ ಎರಡನೆಯದರ ಪರ. ಹೆಸರು ಕಾಣಿಸಿದರೆ ಜನ ಅದನ್ನು ತಾವೇ ತಯಾರಿಸಲು ಶುರು ಮಾಡುತ್ತಾರೆ. ಆಮೇಲೆ ಒಳಗಿನ ರೂಪ ಬದಲಾಯಿಸುವ ಸ್ವಾತಂತ್ರ್ಯ ನಿಮಗಿಲ್ಲ. ಯುಆರ್‌ಎಲ್‌ನಲ್ಲಿ ಹೋಗುವಂಥ ಬೇಸ್64 ರೂಪ ಕೊಡಿ, ಅಂದರೆ ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿ, ಒಂದೆರಡು ಚಿಹ್ನೆಗಳಲ್ಲಿ ಬರೆಯುವ ರೂಪ. ಉದ್ದದ ಲೆಕ್ಕಕ್ಕೂ ಇದು ಲಾಭ. ಹೆಸರಿಗೆ 1024 ಬೈಟ್ ಮಿತಿ ಇದ್ದರೆ ಕನ್ನಡದ 341 ಸಂಕೇತ ಹಿಡಿಯುತ್ತದೆ, ಒಂದೊಂದಕ್ಕೆ 3 ಬೈಟ್. ಅದನ್ನು ಹಾಗೇ ಯುಆರ್‌ಎಲ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳೆಲ್ಲ ಸೇರಿ 3,000 ಅಕ್ಷರ ದಾಟುತ್ತದೆ. ಬೇಸ್64ರಲ್ಲಿ 1,400ರ ಒಳಗೆ.

ಯಾರೂ ತಿದ್ದಿಲ್ಲ ಅಂತ ತೋರಿಸುವ ಸಹಿ, ಅಂದರೆ ಹೆಚ್‌ಮ್ಯಾಕ್, ಹಾಕಬೇಕಾ? ತುಂಬಾ ಜನ ಯೋಚಿಸದೇ ಹಾಕುತ್ತಾರೆ. ಟೋಕನ್‌ನಲ್ಲಿ ಇರುವುದು ಬರೀ ಜಾಗದ ಗುರುತು ಆಗಿದ್ದು, ಅನುಮತಿಯನ್ನು ಪ್ರತಿ ರಿಕ್ವೆಸ್ಟ್‌ನಲ್ಲೂ ಹೊಸದಾಗಿ ನೋಡುತ್ತಿದ್ದರೆ, ಯಾರಾದರೂ ಟೋಕನ್ ತಿದ್ದಿದರೂ ಏನೂ ಕಳೆಯುವುದಿಲ್ಲ. ‘ಈ ಹೆಸರಿನ ನಂತರದಿಂದ’ ಅಂತ ಕೇಳಿದಷ್ಟೇ ಆಯಿತು. ಸಹಿ ಹಾಕಿದರೆ ಎಲ್ಲ ಸರ್ವರ್‌ಗಳೂ ಒಂದೇ ಗುಟ್ಟಿನ ಕೀ ಹಂಚಿಕೊಳ್ಳಬೇಕು, ಅದನ್ನು ಬದಲಾಯಿಸುವ ದಿನ ಹಳೇ ಟೋಕನ್‌ಗಳ ಗತಿ ನೋಡಬೇಕು. ಆದರೆ ಒಂದು ಮಾತು ಮರೆಯಬೇಡಿ: ‘ಇವರಿಗೆ ಅನುಮತಿ ಇದೆ’ ಅಂತ ಟೋಕನ್‌ನಲ್ಲಿ ಎಂದಿಗೂ ಬರೆಯಬಾರದು.

ಪ್ರಿಫಿಕ್ಸ್ ಬದಲಾಯಿಸಿ ಹಳೇ ಟೋಕನ್ ಕಳಿಸಿದರೆ ಚೆಕ್‌ಸಮ್ ಹೊಂದುವುದಿಲ್ಲ. ಆಗ 400, ಅಂದರೆ ‘ರಿಕ್ವೆಸ್ಟ್ ತಪ್ಪಾಗಿದೆ’ ಅನ್ನುವ ಉತ್ತರ, ಕೊಡಿ. ಸುಮ್ಮನೆ ಏನೋ ಒಂದು ಪಟ್ಟಿ ಕೊಟ್ಟು ಕಳಿಸಬೇಡಿ.

ಹಂತ 5: ಶಾರ್ಡ್‌ಗಳಿಂದ ತಂದು ಸೇರಿಸುವುದು

ಸೆಫ್‌ನ ಆಬ್ಜೆಕ್ಟ್ ಗೇಟ್‌ವೇಯಲ್ಲಿ ಬಕೆಟ್‌ನ ಹೆಸರುಗಳ ಸೂಚಿ ಹಲವು ಶಾರ್ಡ್‌ಗಳಾಗಿ ಹಂಚಿರುತ್ತದೆ. ಒಂದು ಶಾರ್ಡ್‌ಗೆ 1 ಲಕ್ಷ ಆಬ್ಜೆಕ್ಟ್ ಅನ್ನುವುದು ಅಲ್ಲಿಯ ಲೆಕ್ಕ. ಹೆಸರು ಯಾವ ಶಾರ್ಡ್‌ಗೆ ಅನ್ನುವುದನ್ನು ಹ್ಯಾಶ್ ಹೇಳುತ್ತದೆ, ಆದರೆ ಪಟ್ಟಿ ಹೆಸರಿನ ಕ್ರಮದಲ್ಲಿ ಬೇಕು. ಹಾಗಾಗಿ ಎಲ್ಲ ಶಾರ್ಡ್‌ಗಳನ್ನೂ ‘ಟೋಕನ್‌ನಲ್ಲಿರುವ ಹೆಸರಿಗಿಂತ ಮುಂದಿನವು ಕೊಡು’ ಅಂತ ಕೇಳಿ, ಬಂದದ್ದನ್ನು ಒಂದು ಹೀಪ್‌ನಲ್ಲಿ (ಎಲ್ಲಕ್ಕಿಂತ ಚಿಕ್ಕದನ್ನು ಬೇಗ ತೆಗೆದುಕೊಡುವ ರಚನೆಯಲ್ಲಿ) ಹಾಕಿ ಚಿಕ್ಕದರಿಂದ ತೆಗೆಯುತ್ತಾ ಹೋಗಬೇಕು.

ಪ್ರತಿ ಶಾರ್ಡ್‌ನಿಂದಲೂ 1000 ತಂದರೆ ತಪ್ಪಾಗುವ ಮಾತೇ ಇಲ್ಲ. ಆದರೆ 11 ಶಾರ್ಡ್‌ನಿಂದ 11,000 ಓದಿ 10,000 ಬಿಸಾಡಿದ ಹಾಗೆ. ಉಳಿಸೋಣ ಅಂತ ಒಂದೊಂದರಿಂದ ಕಡಿಮೆ ತಂದರೆ ಎಚ್ಚರ ಬೇಕು. ಮೂರು ಶಾರ್ಡ್, ಒಂದೊಂದರಿಂದ 4 ಕೇಳಿದೆವು ಅನ್ನಿ:

- ಮೊದಲನೆಯದು: 01, 04, 05, 07. ಇನ್ನೂ ಇದೆ.
- ಎರಡನೆಯದು: 02, 20, 31, 40. ಇನ್ನೂ ಇದೆ.
- ಮೂರನೆಯದು: 03, 06. ಮುಗಿಯಿತು.

ಸೇರಿಸಿದರೆ 01ರಿಂದ 07ರ ತನಕ ಏಳು ಹೆಸರು. ಮುಂದಿನದು 20. ಅದನ್ನು ಕೊಡಬಹುದಾ? ಕೊಡಬಾರದು. ಮೊದಲನೇ ಶಾರ್ಡ್‌ನಲ್ಲಿ 07ರ ನಂತರ 08 ಇರಬಹುದು, 19 ಇರಬಹುದು. 20 ಕೊಟ್ಟು ಟೋಕನ್‌ನಲ್ಲಿ 20 ಅಂತ ಬರೆದರೆ ಅವು ಶಾಶ್ವತವಾಗಿ ತಪ್ಪಿಹೋದವು. ನಿಯಮ ಹೀಗೆ: ‘ಇನ್ನೂ ಇದೆ’ ಅಂದ ಶಾರ್ಡ್‌ಗಳ ಕೊನೆಯ ಹೆಸರುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅಲ್ಲಿಗೆ ನಿಲ್ಲಿಸಿ. ಇಲ್ಲಿ ಅದು 07. ಅಲ್ಲಿಗೇ ಟೋಕನ್ ಕೊಡಿ, ಇಲ್ಲವೇ ಮೊದಲನೇ ಶಾರ್ಡ್‌ಗೆ ಮತ್ತೆ ಹೋಗಿ ತನ್ನಿ.

ಒಂದು ಶಾರ್ಡ್ ಉತ್ತರವನ್ನೇ ಕೊಡದಿದ್ದರೆ? ಪೂರ್ತಿ ರಿಕ್ವೆಸ್ಟನ್ನೇ 503, ಅಂದರೆ ‘ಸದ್ಯಕ್ಕೆ ಸೇವೆ ಇಲ್ಲ’, ಅಂತ ವಾಪಸ್ ಕಳಿಸಿ. ಸಿಕ್ಕಷ್ಟು ಕೊಡೋಣ ಅನ್ನುವ ಒಳ್ಳೇತನ ಇಲ್ಲಿ ಅಪಾಯ. ಪಟ್ಟಿಯಲ್ಲಿ ಇಲ್ಲ ಅಂದರೆ ಅಳಿದಿದೆ ಅಂತಲೇ ಬ್ಯಾಕಪ್ ಸಾಫ್ಟ್‌ವೇರ್ ನಂಬುತ್ತದೆ. ಆ ಕಡೆಯ ನಕಲನ್ನೂ ಅಳಿಸಿಬಿಡುತ್ತದೆ. ಟೋಕನ್ ಕ್ಲೈಂಟ್ ಹತ್ತಿರವೇ ಇರುವುದರಿಂದ ಸ್ವಲ್ಪ ಬಿಟ್ಟು ಅದೇ ರಿಕ್ವೆಸ್ಟ್ ಮತ್ತೆ ಕಳಿಸಿದರೆ ಆಯಿತು, ಏನೂ ಕಳೆದಿರುವುದಿಲ್ಲ.

ಹಂತ 6: ಫೋಲ್ಡರ್ ಥರ ತೋರಿಸುವಾಗ

ಡಿಲಿಮಿಟರ್ ‘/’ ಅಂತ ಕೊಟ್ಟರೆ ‘ಕೋಲಾರ/’ ಒಳಗಿನ ಲಕ್ಷಾಂತರ ಹೆಸರುಗಳ ಬದಲು ‘ಕೋಲಾರ/’ ಅಂತ ಒಂದೇ ಸಾಲು ಬರಬೇಕು. ಲಕ್ಷವನ್ನೂ ಓದಿ ಒಂದು ಸಾಲು ಕೊಡುವುದು ದಂಡ. ಹಾರಿಬಿಡಿ. ಆಸ್ಕಿ ಅನ್ನುವ ಅಕ್ಷರ-ಸಂಖ್ಯೆ ಕೋಷ್ಟಕದಲ್ಲಿ ‘/’ ಸಂಖ್ಯೆ 47. ಅದರ ಮುಂದಿನ 48 ಅಂದರೆ ‘0’ ಅನ್ನುವ ಅಂಕಿ. ಹಾಗಾಗಿ ‘ಕೋಲಾರ/’ ಕೊಟ್ಟ ಮೇಲೆ ‘ಕೋಲಾರ0’ ಅನ್ನುವ ಜಾಗಕ್ಕೆ ನೇರ ಹೋಗಿ, ಆ ಹೆಸರೂ ಸೇರಿದಂತೆ ಮುಂದೆ ಓದಿ. ನಡುವಿನದೆಲ್ಲ ಒಂದೇ ಹೆಜ್ಜೆಯಲ್ಲಿ ಮುಗಿಯಿತು.

ಪುಟ ಸರಿಯಾಗಿ ‘ಕೋಲಾರ/’ ಸಾಲಿಗೆ ಮುಗಿದರೆ ಏನಾಗುತ್ತದೆ ನೋಡಿ. ಟೋಕನ್‌ನಲ್ಲಿ ಸುಮ್ನೆ ‘ಕೋಲಾರ/’ ಅಂತ ಬರೆದರೆ ಮುಂದಿನ ಪುಟ ‘ಕೋಲಾರ/2024…’ ಇಂದ ಶುರುವಾಗಿ ಮತ್ತೆ ‘ಕೋಲಾರ/’ ಸಾಲನ್ನೇ ಕೊಡುತ್ತದೆ. ಮಿತಿ 1 ಇದ್ದರೆ ಎಂದಿಗೂ ಮುಗಿಯದ ಪಟ್ಟಿ. ಕೊನೆಗೆ ಕೊಟ್ಟದ್ದು ಆಬ್ಜೆಕ್ಟೋ ಪ್ರಿಫಿಕ್ಸೋ ಅಂತ ಟೋಕನ್‌ನಲ್ಲಿ ಒಂದು ಬಿಟ್ ಇಡಿ.

ಹಂತ 7: ಖಾಲಿ ಪುಟವೂ ಉತ್ತರವೇ

90 ದಿನ ಹಳೆಯ ಫೋಟೋಗಳನ್ನು ಒಂದೇ ರಾತ್ರಿ ಅಳಿಸುವ ನಿಯಮ ಇಟ್ಟಿದ್ದೀರಿ ಅನ್ನಿ. ರಾಕ್ಸ್‌ಡಿಬಿಯಲ್ಲಿ ಅಳಿಸಿದ್ದು ಕೂಡಲೇ ಮಾಯವಾಗುವುದಿಲ್ಲ, ಅಳಿದಿದೆ ಅನ್ನುವ ಗುರುತು ಉಳಿದಿರುತ್ತದೆ. ಬೆಳಿಗ್ಗೆ ಮೊದಲ ಪುಟ ಕೇಳಿದವನಿಗೆ ಒಂದು ಹೆಸರು ಸಿಗುವ ಮೊದಲು ಲಕ್ಷಗಟ್ಟಲೆ ಗುರುತು ದಾಟಬೇಕಾಗಬಹುದು. ಅಷ್ಟರಲ್ಲಿ ರಿಕ್ವೆಸ್ಟ್ ಟೈಮ್‌ಔಟ್. ಮತ್ತೆ ಕೇಳುತ್ತಾನೆ, ಮತ್ತೆ ಅದೇ ಕಥೆ.

ಅದಕ್ಕೇ ಕೊಡುವ ಹೆಸರುಗಳಿಗೆ ಮಿತಿ ಇದ್ದ ಹಾಗೆ ಓದುವ ಕೆಲಸಕ್ಕೂ ಒಂದು ಮಿತಿ ಇರಲಿ. ಇಷ್ಟು ಓದಿದೆ, ಏನೂ ಸಿಗಲಿಲ್ಲ, ಇಲ್ಲಿಗೆ ಬಂದಿದ್ದೇನೆ ಅಂತ ಖಾಲಿ ಪಟ್ಟಿ ಮತ್ತು ಟೋಕನ್ ಕೊಟ್ಟುಬಿಡಿ. ಅಮೆಜಾನ್‌ನ ಡೇಟಾಬೇಸ್ ಡೈನಮೋಡಿಬಿ ಹೀಗೇ ಮಾಡುತ್ತದೆ. 1 ಎಂಬಿ ಓದಿ ನಿಲ್ಲಿಸುತ್ತದೆ, ಫಿಲ್ಟರ್ ಆದ ಮೇಲೆ ಏನೂ ಉಳಿಯದಿದ್ದರೂ ಮುಂದಿನ ಗುರುತು ಕೊಡುತ್ತದೆ. ಪಟ್ಟಿ ಮುಗಿಯಿತು ಅನ್ನುವುದಕ್ಕೆ ಒಂದೇ ಸೂಚನೆ, ಟೋಕನ್ ಇಲ್ಲದಿರುವುದು. ಇದನ್ನು ದಾಖಲೆಯ ಮೊದಲ ಪ್ಯಾರಾದಲ್ಲೇ ಬರೆಯಿರಿ. ಖಾಲಿ ಬಂತು ಅಂದ ಕೂಡಲೇ ನಿಲ್ಲಿಸುವ ಕ್ಲೈಂಟ್‌ಗಳು ತುಂಬಾ ಇರುತ್ತವೆ.

ಹಂತ 8: ಪಾಲು ಮಾಡಿ ಓದುವುದು

ಒಂದು ಕೋಟಿ ಹೆಸರು, 10,000 ಪುಟ. ಪುಟಕ್ಕೆ 50 ಮಿಲಿಸೆಕೆಂಡ್ ಅಂದರೂ 500 ಸೆಕೆಂಡ್, ಎಂಟು ನಿಮಿಷಕ್ಕಿಂತ ಜಾಸ್ತಿ. ಒಂದಾದ ಮೇಲೆ ಒಂದು ಕೇಳುವುದೇ ಇದಕ್ಕೆ ಕಾರಣ. ಹ್ಯಾಶ್ ಕ್ರಮದಲ್ಲಿ ಪಾಲು ಮಾಡುವುದು ಸುಲಭ. ಹ್ಯಾಶ್ ಎಲ್ಲ ಕಡೆ ಸಮವಾಗಿ ಹರಡಿರುತ್ತದೆ, 16 ಪಾಲು ಮಾಡಿದರೆ ಹೆಚ್ಚು ಕಡಿಮೆ ಸಮವಾಗಿರುತ್ತವೆ. ಸೆಫ್‌ನ ಲಿಬ್‌ರಾಡೋಸ್ ಲೈಬ್ರರಿಯಲ್ಲಿ ಶುರು ಮತ್ತು ಕೊನೆ ಕೊಟ್ಟರೆ ಇಂತಿಷ್ಟರಲ್ಲಿ ಇಷ್ಟನೇ ಪಾಲು ಅಂತ ಕತ್ತರಿಸಿ ಕೊಡುವ ಫಂಕ್ಷನ್ನೇ ಇದೆ. ನಿಮ್ಮ ಟೋಕನ್‌ನಲ್ಲೂ ‘ಕೊನೆ’ ಅನ್ನುವ ಇನ್ನೊಂದು ಜಾಗದ ಗುರುತು ಇಟ್ಟರೆ ಆಯಿತು. ಹೆಸರಿನ ಕ್ರಮದಲ್ಲಿ ಹೀಗೆ ಸಮವಾಗಿ ಕತ್ತರಿಸಲಾಗದು. ಅಲ್ಲಿ ಪ್ರಿಫಿಕ್ಸ್ ಪ್ರಕಾರ ಹಂಚಿಕೊಳ್ಳುವುದನ್ನು ಕ್ಲೈಂಟ್‌ಗೇ ಬಿಡಿ.

ಹಂತ 9: ಪರೀಕ್ಷೆ

ಮೊದಲು ಮಿತಿ 1 ಇಟ್ಟು ಇಡೀ ಬಕೆಟ್ ಓದಿ, ಆಮೇಲೆ ಮಿತಿ 1000 ಇಟ್ಟು ಓದಿ. ಎರಡು ಪಟ್ಟಿಯೂ ಅಕ್ಷರಶಃ ಒಂದೇ ಇರಬೇಕು. ಮಿತಿ 1 ಅಷ್ಟು ದೋಷ ಹಿಡಿಯುವ ಪರೀಕ್ಷೆ ಇನ್ನೊಂದಿಲ್ಲ. ಡಿಲಿಮಿಟರ್ ಇಟ್ಟೂ ಮಾಡಿ, ಇಡದೆಯೂ ಮಾಡಿ.

ಆಮೇಲೆ ಟೋಕನ್‌ನಲ್ಲಿರುವ ಆಬ್ಜೆಕ್ಟನ್ನೇ ಅಳಿಸಿ ಮುಂದಿನ ಪುಟ ಕೇಳಿ. ಕೋಡ್ ಆ ಹೆಸರನ್ನು ಹುಡುಕಿ ಅದರ ಮುಂದಿನದಕ್ಕೆ ಹೋಗುವ ಹಾಗೆ ಬರೆದಿದ್ದರೆ ಇಲ್ಲಿ ಮುಗ್ಗರಿಸುತ್ತದೆ. ಅದಕ್ಕಿಂತ ದೊಡ್ಡದಾದ ಮೊದಲ ಹೆಸರಿಗೆ ಹೋಗುವ ಹಾಗೆ ಬರೆದಿದ್ದರೆ ಮಾತ್ರ ಪಾಸು. ಪ್ರತಿ ಪುಟಕ್ಕೂ ಬೇರೆ ಸರ್ವರ್‌ಗೆ ಕಳಿಸಿ, ನಡುವೆ ಒಂದೊಂದನ್ನು ಕೊಲ್ಲಿ. ನಡುವೆಯೇ ಶಾರ್ಡ್ ಸಂಖ್ಯೆ ಬದಲಾಯಿಸಿ.

ಹೆಸರುಗಳಲ್ಲಿ ಎರಡೂ ಥರದ ಕೋಲಾರ ಇರಲಿ, 341 ಸಂಕೇತದ ಉದ್ದದ ಹೆಸರೊಂದಿರಲಿ, ಹೊಸ ಸಾಲಿನ ಚಿಹ್ನೆಯಂಥ ಕಾಣದ ಅಕ್ಷರಗಳಿರಲಿ. ಉತ್ತರ ಎಕ್ಸ್‌ಎಂಎಲ್‌ನಲ್ಲಿ ಕೊಡುತ್ತಿದ್ದರೆ ಅಂಥ ಕೆಲವು ಅಕ್ಷರಗಳನ್ನು ಅದು ಒಪ್ಪುವುದೇ ಇಲ್ಲ. ಹೆಸರುಗಳನ್ನು ಯುಆರ್‌ಎಲ್ ರೂಪಕ್ಕೆ ತಿರುಗಿಸಿ ಕಳಿಸುವ ಆಯ್ಕೆ ಎಸ್3ಯಲ್ಲಿ ಇರುವುದು ಇದಕ್ಕೇ. ನೀವೂ ಆ ಆಯ್ಕೆ ಇಡಿ.

ಕೊನೆಯದಾಗಿ, ಒಂದು ಕಡೆ ಬರೆಯುವ, ಅಳಿಸುವ ಕೆಲಸ ಜೋರಾಗಿ ನಡೆಯುತ್ತಿರಲಿ. ಇನ್ನೊಂದು ಕಡೆ ಪಟ್ಟಿ ಓದಿ. ಶುರುವಿಂದ ಕೊನೆ ತನಕ ಇದ್ದ ಹೆಸರುಗಳನ್ನು ಬೇರೆ ಲಾಗ್‌ನಲ್ಲಿ ಬರೆದಿಟ್ಟುಕೊಂಡಿರಿ. ಅವುಗಳಲ್ಲಿ ಒಂದು ತಪ್ಪಿದರೂ, ಒಂದು ಎರಡು ಸಲ ಬಂದರೂ ಮೊದಲು ಐದನೇ ಹಂತದ ಸೇರಿಸುವ ಕೋಡ್ ತೆರೆದು ನೋಡಿ.